ಚನ್ನಮ್ಮನ ಕಾವಿನ ಬುಟ್ಟಿ

ಈಗ ನಗಾಕತ್ತೀನಿ ನೋಡ್ರಿ. ನಗಬಹುದು, ಯಾಕಂದ್ರ ಎಲ್ಲಾ ಸುಸೂತ್ರ ಮುಗೀತು, ಎದಿ ಮ್ಯಾಲಿನ ಬೀಸುಕಲ್ಲು ಇಳೀತು. ಆದ್ರ ಶನಿವಾರದಿಂದ ಸೋಮವಾರದ ಮಟಾ ನನಗ ಒಂದು ತುತ್ತು ರೊಟ್ಟಿ ಗಂಟಲದಾಗ ಇಳೀಲಿಲ್ಲ. ನಮ್ಮೂರು ಅಡರಕಟ್ಟ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ, ಈ ಕಳಕವ್ವ ಊಟ ಬಿಡೋ ಪೈಕಿ ಅಲ್ಲ. ಸಿಟ್ಟು ಬಂದ್ರೂ ಉಣ್ತೀನಿ, ಜ್ವರ ಬಂದ್ರೂ ಉಣ್ತೀನಿ. ಅಂಥಾಕಿ ಗಂಗಾಳ ಸರಿಸಿ ಎದ್ದೆ ಅಂದ್ರ ನೀವಽ ತಿಳ್ಕೋರಿ.

ಕೋಳಿ ವಿಷಯದಿಂದ ಸುರು ಮಾಡಬೇಕು. ನಮ್ಮ ಹಿತ್ತಲದಾಗ ಯಾವಾಗ್ಲೂ ಕೋಳಿ ಇರತಾವ. ಜವಾರಿ ಕೋಳಿ, ಆ ಬಿಳೇ ಫಾರ್ಮಿನವು ಅಲ್ಲ. ನಾ ಮಾರೋದು ಕಮ್ಮಿ, ಪಾಲಿಗೆ ಕೊಡೋದು ಜಾಸ್ತಿ. ಪಾಲಿಗೆ ಅಂದ್ರ, ಹ್ಯಾಟಿ ಕೋಳಿ ನಂದು, ಸಾಕಾಕಿ ನೀನು, ತತ್ತಿ ಒಡದು ಮರಿ ಆದ ಮ್ಯಾಲ ಅರ್ಧ ನಿನಗ, ಅರ್ಧ ನನಗ. ಆದ್ರ ನನ್ನ ಅರ್ಧ ನಾ ಮನಿಗೆ ತರೋದಿಲ್ಲ. "ಅವು ಅಲ್ಲೇ ಬೆಳೀಲಿ, ದೊಡ್ಡು ಆದ ಮ್ಯಾಲ ಯಾರಿಗೆ ಕೊಡಬೇಕಂತ ನಾ ಹೇಳ್ತೀನಿ" ಅಂತೀನಿ. ಯಾರ ಮನ್ಯಾಗ ಬಾಣಂತಿ ಇದ್ದಾಳ, ಯಾರ ಮನ್ಯಾಗ ದುಡಿಯೋ ಕೈ ಹಾಸಗಿ ಹಿಡದೈತಿ, ಅಲ್ಲಿಗೆ ಹೋಗ್ತಾವ. ನಮ್ಮ ಓಣ್ಯಾಗ ಕೂಗೋ ಹುಂಜಗಳೊಳಗ ಮುಕ್ಕಾಲು ಪಾಲು ನಮ್ಮ ಹಿತ್ತಲದ ಸಂತಾನ. "ನೀ ಏನು ಕೋಳಿ ಛತ್ರ ಇಟ್ಟೀಯೇನು?" ಅಂತ ನಮ್ಮನಿಯವ್ರು ಚಾಷ್ಟಿ ಮಾಡ್ತಾರ.

ನಮ್ಮನಿಯವ್ರ ಹೆಸರು ಲಕ್ಕಪ್ಪ. ಗಂಡನ ಹೆಸರು ಬಾಯಿಲೆ ಹೇಳಬಾರದು ಅಂತಾರ. ಆದ್ರ ಅವ್ರು ಮಾಡಿದ ಕೆಲಸಾ ಕೇಳಿದ ಮ್ಯಾಲ, ಹೇಳ್ಲಿ ಬಿಡು ಪಾಪ ಅಂತ ನೀವಽ ಅಂತೀರಿ.

ಪಕ್ಕದ ಮನಿ ಚನ್ನಮ್ಮ ನಮ್ಮೂರ ಮಗಳು. ಮುಂಡರಗಿಗೆ ಕೊಟ್ಟಿದ್ರು. ಗಂಡ ಇನ್ನೊಬ್ಬಾಕಿ ಕೂಡ ಹೊಂಟು ಹೋದ. ಹೆತ್ತವರು ತೀರಿಕೊಂಡು ಕದಾ ಮುಚ್ಚಿದ್ದ ತವರಮನಿಗೆ ಒಂದು ಚೀಲ ಹಿಡ್ಕೊಂಡು ಬಂದ್ಲು, ಬಂದಾಕಿ ಬಾಗಲಾ ಹಾಕ್ಕೊಂಡು ಮಲಗಿಬಿಟ್ಲು. ಹೊತ್ತು ನೆತ್ತಿಗೆ ಬಂದ್ರೂ ಏಳ್ತಿದ್ದಿಲ್ಲ. ನಾ ರೊಟ್ಟಿ ಒಯ್ದು ಬಾಗಲಾ ಬಡದ್ರ ತಗದು ಇಸ್ಕೊಳ್ಳಾಕಿ, ಮತ್ತ ಗ್ವಾಡಿ ಕಡೆ ಮಕಾ ಮಾಡಿ ಮಲಗಾಕಿ. ಮಾತಿಲ್ಲ, ಕತಿ ಇಲ್ಲ. ನನಗ ಅಂಜಿಕಿ ಹತ್ತಿತು. ಹಿಂಗ ಬಾಯಿ ಮುಚ್ಚಿಕೊಂಡು ಮಲಗಿದ ಹೆಣ್ಣಮಗಳು ಒಂದಿನ ಏನು ಮಾಡ್ಕೊಂತಾಳೋ ಅಂತ ಮುಂಜಾನೆ ಎದ್ದ ಕೂಡಲೇ ಹಿತ್ತಲ ಗ್ವಾಡಿ ಮ್ಯಾಲಿಂದ ಹಣಕಿ ಹಾಕಿ ಆಕಿ ಬಾಗಲಾ ನೋಡ್ತಿದ್ದೆ.

ನನಗ ಬುದ್ಧಿ ಹೇಳಾಕ ಬರೋದಿಲ್ಲ, ಬೈಯಾಕ ಬರತೈತಿ. ಬೈದ್ರ ಆಕಿ ಇನ್ನಷ್ಟು ಕುಗ್ಗತಾಳ. ಅದಕ್ಕ ಕಾರಹುಣ್ಣಿವಿ ಮುಗಿದ ಮ್ಯಾಲ ಒಂದಿನ ಕೆಂಪಿನ್ನ ಬಗಲಾಗ ಹಿಡ್ಕೊಂಡು ಹೋಗಿ ಆಕಿ ಪಡಸಾಲ್ಯಾಗ ಬಿಟ್ಟೆ. ಕೆಂಪಿ ಅಂದ್ರ ನಮ್ಮ ಹ್ಯಾಟಿಗಳೊಳಗ ಶುದ್ಧ ಜಗಳಗಂಟಿ, ಥೇಟ್ ನನ್ನ ಹಂಗ. "ಇದನ್ನ ಪಾಲಿಗೆ ಇಟ್ಕೋ. ರಾತ್ರಿ ಮ್ಯಾಲ ಬುಟ್ಟಿ ಮುಚ್ಚು, ಮುಂಜಾನೆ ಜಲ್ದಿ ಎತ್ತಲಿಲ್ಲಂದ್ರ ಓಣಿ ಮಂದಿ ಎದ್ದು ಬರೂಹಂಗ ಒದರತೈತಿ, ಆಮ್ಯಾಲ ನನಗ ಅನಬ್ಯಾಡ" ಅಂದೆ. ಮರುದಿನ ಕೆಂಪಿ ಒದರಿದ್ದ ಒದರಿದ್ದು. ಚನ್ನಮ್ಮ ಎದ್ದು ಬಾಗಲಾ ತಗದ್ಲು. ಅದರ ಮರುದಿನಾನೂ ತಗದ್ಲು. ನುಚ್ಚು ಹಾಕಾಕ ಅಂಗಳಕ್ಕ ಬಂದಾಕಿ ಕಸಾ ಹೊಡದ್ಲು, ಕಸಾ ಹೊಡದಾಕಿ ನೀರು ತಂದ್ಲು. ಒಂದಿನ ಗ್ವಾಡಿ ಆಚಿ ಕಡಿಂದ "ಕಾಕೀ, ತತ್ತಿ ಇಟ್ಟೈತಿ!" ಅಂತ ಕೂಗಿದ್ಲು. ಆಕಿ ದನಿ ಅಷ್ಟು ದೊಡ್ಡದೈತಿ ಅಂತ ನನಗ ಅವತ್ತಽ ಗೊತ್ತಾಗಿದ್ದು.

ಆಮ್ಯಾಲ ಶಾಲಿ ಕೆಲಸ ಬಂತು. ಹುಡುಗರಿಗೆ ಬಿಸಿಯೂಟದ ಕೂಡ ತತ್ತಿ ಕೊಡ್ತಾರಲ್ರಿ ಈಗ. ಶಾಲ್ಯಾಗ ಮೊದಲಿಂದ ಅಡಿಗಿ ಮಾಡಾಕಿ ಗುರುಸಿದ್ದವ್ವ, ತತ್ತಿ ಕುದಿಸೋ ಪಾತ್ರಿ ಹತ್ರ ಸುಳಿಯಾಕಿ ಅಲ್ಲ. ಆಕಿ ಮನಿತನದಾಗ ಅದು ನಡಿಯೋದಿಲ್ಲ, ತಪ್ಪೇನಿಲ್ಲ. ಅದಕ್ಕ ಶಾಲಿ ಕಮಿಟಿ ಅಧ್ಯಕ್ಷ ಅಂದಪ್ಪಣ್ಣಾರ ಕಡೆ ನಾ ಹೋದೆ. "ನಮ್ಮ ಚನ್ನಮ್ಮನ್ನ ತಗೋರಿ, ಕೈ ಸ್ವಚ್ಛ ಐತಿ, ಮನಿ ಶಾಲಿ ಮಗ್ಗಲಕ್ಕಽ ಐತಿ" ಅಂದೆ. ಅವ್ರು ತಲಿ ಕೆರಕೊಂಡು "ಸದ್ಯಕ್ಕ ಬರ್ಲಿ, ನೋಡೋಣ" ಅಂದ್ರು. ಚನ್ನಮ್ಮ ಹೋದ್ಲು. ಹುಡುಗರು "ತತ್ತಿ ಅಕ್ಕಾ" ಅಂತ ಹೆಸರು ಇಟ್ರು. ಆ ಹೆಸರು ಹೇಳಿ ನಕ್ಕಾಗ ಆಕಿ ಹಲ್ಲು ನೋಡಿದೆ ನಾ, ಎಷ್ಟು ತಿಂಗಳ ಮ್ಯಾಲ.

ಶಾಲ್ಯಾಗ ಅಕ್ಕಿ, ಬ್ಯಾಳಿ, ಎಣ್ಣಿ ಇಡೋ ಕೋಣಿ ಹಳೇ ಕಾಲದ್ದು. ಕದಾ ಅಂದ್ರ ಆನಿ ಹಾಯ್ದ್ರೂ ಮುರಿಯಂಗಿಲ್ಲ, ಕದದ ಒಳಗಽ ಕೀಲಿ ಕೂಡಿಸ್ಯಾರ. ಅದಕ್ಕ ಗೇಣುದ್ದದ ಕಬ್ಬಿಣದ ಕೀಲಿಕೈ, ಊರಾಗ ಅಂಥದ್ದು ಒಂದಽ. ಮೊದಲು ಗುರುಸಿದ್ದವ್ವ ಇಟ್ಕೊಂತಿದ್ಲು. ಮೊಳಕಾಲು ನೋವು, ದಿನಾ ಎಲ್ಲರಿಗಿಂತ ಮೊದಲು ಬಂದು ಬಾಗಲಾ ತಗಿಯೋದು ಆಗವಲ್ದು ಅಂತ ಚನ್ನಮ್ಮನ ಕೈಗೆ ಕೊಟ್ಲು. ಚನ್ನಮ್ಮ ಅದನ್ನ ದೇವರ ಹಂಗ ತಂದು ಬಾಗಲ ಹಿಂದಿನ ಗ್ವಾಡಿ ಮಾಡದಾಗ, ಅಂದ್ರ ಗ್ವಾಡ್ಯಾಗಿನ ಗೂಡಿನಾಗ, ಇಡಾಕಿ.

ಅಷ್ಟೊತ್ತಿಗೆ ಕೆಂಪಿ ಕಾವಿಗೆ ಕುಂತಿತ್ತು. ಪಡಸಾಲಿ ಮೂಲ್ಯಾಗ ಬುಟ್ಟಿ ಇಟ್ಟು, ಜ್ವಾಳದ ಹೊಟ್ಟು ಹಾಸಿ, ತತ್ತಿ ಜೋಡಿಸಿ ನಾನಽ ಕುಂಡ್ರಿಸಿ ಬಂದಿದ್ದೆ. ಮೂರು ವಾರ ತುಂಬಾಕ ಬಂದಿತ್ತು. ಶುಕ್ರವಾರ ಕಣ್ಣು ತೋರಸಾಕ ನಾ ಲಕ್ಷ್ಮೇಶ್ವರಕ್ಕ ಹೊಂಟೆ. ಉತ್ರಿ ಮಳಿ, ಮೋಡ ಕರ್ರಗ ಕವಿದಿತ್ತು. ಹೋಗೂ ಮುಂದ ನಮ್ಮನಿಯವ್ರಿಗೆ ಹೇಳಿದೆ, "ಗುಡುಗು ಸುರು ಆದ್ರ ಕಾವಿನ ಬುಟ್ಟಿಗೆ ಕಬ್ಬಿಣ ಇಡೋದು ಮರೀಬ್ಯಾಡ್ರಿ. ಚನ್ನಮ್ಮನ ಬುಟ್ಟಿಗೂ ಇಟ್ಟು ಬರ್ರಿ, ಆ ಹುಡುಗಿಗೆ ಇದೆಲ್ಲಾ ಗೊತ್ತಿಲ್ಲ." ಸಿಡಿಲ ಸಪ್ಪಳಕ್ಕ ತತ್ತಿಯೊಳಗಿನ ಮರಿ ಸಾಯ್ತಾವ, ಮಗ್ಗಲದಾಗ ಕಬ್ಬಿಣ ಇದ್ರ ಏನೂ ಆಗಂಗಿಲ್ಲ ಅಂತ ನಮ್ಮತ್ತಿ ಹೇಳ್ತಿದ್ಲು. ಖರೆಯೋ ಸುಳ್ಳೋ, ಇಟ್ರ ನಮ್ಮ ಗಂಟೇನು ಹೋಗತೈತಿ? ಸಂಜಿಮುಂದ ಗುಡುಗು ಸಿಡಿಲು ಜಡದು ಹೋತು, ಕರೆಂಟೂ ಹೋತು. ನಾ ತೊಯ್ಸಿಕೊಂಡು ಮನಿಗೆ ಬಂದಾಗ "ಇಟ್ರ್ಯಾ?" ಅಂದೆ. "ಇಟ್ಟೀನಿ" ಅಂದ್ರು. ಅಲ್ಲಿಗೆ ಆತು. ಮರುದಿನ ಮೊದಲನೇ ಬಸ್ಸಿಗೆ ಅವ್ರು ಸೊರಟೂರಿಗೆ ಹೋದ್ರು, ತಂಗಿ ಹೊಲದಾಗ ಉಳ್ಳಾಗಡ್ಡಿ ಕೀಳೋದಿತ್ತು. ಫೋನು ಮಾತ್ರ ಮನ್ಯಾಗಽ ಬಿಟ್ಟು ಹೋದ್ರು. ಯಾವಾಗ್ಲೂ ಹಂಗಽ. ಅವ್ರು ಹೋಗೋದು ಒಂದು ಕಡೆ, ಫೋನು ಬಡಕೊಳ್ಳೋದು ಇನ್ನೊಂದು ಕಡೆ.

ಬಸ್ಸು ಹೋಗಿ ಇನ್ನೂ ಅದರ ಸಪ್ಪಳ ಅಡಗಿದ್ದಿಲ್ಲ, ಚನ್ನಮ್ಮ ಓಡಿ ಬಂದ್ಲು. ಮಕಾ ಬಿಳಚಿಕೊಂಡಿತ್ತು.

"ಕಾಕಿ, ಕೀಲಿಕೈ ಇಲ್ಲ."

"ಎಲ್ಲಿಟ್ಟಿದ್ದಿ?"

"ಮಾಡದಾಗ ಇಟ್ಟು ಗಿರಣಿಗೆ ಹೋಗಿದ್ದೆ. ಮಳ್ಯಾಗ ಸಿಕ್ಕೊಂಡು ತಡಾ ಆಗಿ ಬಂದೆ. ಕರೆಂಟ್ ಇದ್ದಿಲ್ಲ, ನೋಡಲಿಲ್ಲ. ಈಗ ನೋಡಿದ್ರ ಇಲ್ಲ."

ಹುಡುಕಿದ್ವಿ ನೋಡ್ರಿ, ಹುಡುಕಿದ್ವಿ. ಹಾಸಗಿ ಝಾಡಿಸಿದ್ವಿ, ಹಿಟ್ಟಿನ ಡಬ್ಬಿ ಸುರುವಿದ್ವಿ, ಒಲಿ ಬೂದಿ ಜರಡಿ ಹಿಡದ್ವಿ. ಚನ್ನಮ್ಮ ಕಾವಿನ ಬುಟ್ಟಿ ಕಡೆ ಕೈ ಚಾಚಿದ್ರ ನಾ ಆಕಿ ಕೈಗೆ ಹೊಡದೆ. "ಅದನ್ನ ಮುಟ್ಟಿದ್ರ ಕೈ ಮುರಿತೀನಿ! ಇವತ್ತೋ ನಾಳೆಯೋ ಮರಿ ಒಡಿಯೋದು ಐತಿ, ಅದರಾಗ ಕೀಲಿಕೈ ತಾನಽ ಹೋಗಿ ಕಾವಿಗೆ ಕುಂಡ್ರತೈತೇನು?" ಅಂದೆ. ನೀವು ಈಗ ನಗಾಕತ್ತೀರಿ. ನಗ್ರಿ, ನಗ್ರಿ. ನನಗ ಆವಾಗ ಹೊಳೀಲಿಲ್ಲ, ಏನು ಮಾಡ್ಲಿ.

ಗುರುಸಿದ್ದವ್ವ ಬಂದ್ಲು. ಬಂದಾಕಿ ಸುಮ್ಮನ ನಿಲ್ಲೋದು ಬಿಟ್ಟು, "ಕೀಲಿಕೈಗೆ ಕಾಲು ಬಂತೇನು? ಯಾರ ಕೈಗೆ ಕೊಟ್ಟಿ, ಖರೆ ಹೇಳು" ಅಂದ್ಲು. ನಾ ಬಿಡ್ತೀನೇನು? ಓಣಿ ಮಂದಿ ಹೊರಗ ಬರೂಹಂಗ ಬೈದೆ. ಅಂದಪ್ಪಣ್ಣಾರು ಬಂದು ನಡುವ ನಿಂತ್ರು. ಅವತ್ತು ಹುಡುಗರಿಗೆ ತಮ್ಮ ಮನಿಂದ ಅವಲಕ್ಕಿ ಮಾಡಿಸಿ ಕಳಿಸಿದ್ರು, ಅದರಾಗ ಎರಡು ಮಾತಿಲ್ಲ, ಮನಷ್ಯಾ ಚಲೋ. ಆದ್ರ ಹೋಗೂ ಮುಂದ ಚನ್ನಮ್ಮನ ಕಡೆ ನೋಡದನ ಹೇಳಿದ್ರು, "ಸೋಮವಾರ ಮುಂಜಾನೆ ಬಡಿಗೇರ ಹನಮಂತನ್ನ ಕರಸ್ತೀನಿ, ಕದಾ ಒಡಸ್ತೀನಿ. ಕೀಲಿಕೈ ಸಿಗೂತನಾ ನೀ ಒಲಿ ಮುಂದ ಬರಬ್ಯಾಡವಾ. ಕಮಿಟಿಯವ್ರು ಬ್ಯಾರೆದವ್ರನ್ನ ನೋಡೋಣ ಅನ್ನಾಕತ್ತಾರ."

ಚನ್ನಮ್ಮ ಒಳಗ ಹೋದ್ಲು, ಗ್ವಾಡಿ ಕಡೆ ಮಕಾ ಮಾಡಿ ಮಲಗಿದ್ಲು.

ಅದನ್ನ ನೋಡಿ ನನಗ ಹಳೇ ಅಂಜಿಕಿ ಹೊಳ್ಳಿ ಬಂತ್ರಿ. ಕೆಲಸ ಹೋದ್ರ ಇನ್ನೊಂದು ಸಿಗತೈತಿ. ಆದ್ರ ಈ ಹುಡುಗಿ ಮತ್ತ ಆ ಗ್ವಾಡಿ ಕಡೆ ತಿರುಗಿದ್ರ, ಈ ಸಲ ಎಬ್ಬಿಸಾಕ ನನ್ನ ಹತ್ರ ಇನ್ನೊಂದು ಕೆಂಪಿ ಎಲ್ಲೈತಿ? ಅವತ್ತು ನಾ ರೊಟ್ಟಿ ಒಯ್ದೆ, ಮುಟ್ಟಲಿಲ್ಲ. ನಾನೂ ಮನಿಗೆ ಬಂದು ಗಂಗಾಳ ಸರಿಸಿದೆ.

ರವಿವಾರ ಮುಂಜಾನೆ ಬಾಗಲಾ ತಗೀಲೇ ಇಲ್ಲ. ನಾ ಹಿತ್ತಲ ಗ್ವಾಡಿ ಹತ್ತಿ ಇಳದು, ಈ ವಯಸ್ಸಿಗೆ, ಹಿಂದಿನ ಬಾಗಲಾ ನೂಕಿ ಒಳಗ ಹೋದೆ. ಕಣ್ಣು ತಕ್ಕೊಂಡು ಬಿದ್ದಿದ್ಲು. ಬೈಯಾಕ ಬಾಯಿ ತಗದೆ, ಅಷ್ಟರಾಗ ಮೂಲಿಂದ ಸಣ್ಣ ದನಿ ಬಂತು. ಚಿಂವ್ ಅಂತ. ಕೆಂಪಿ ಅದಕ್ಕ ಗಂಟಲದಾಗಽ ಉತ್ತರಾ ಕೊಟ್ಟಿತು.

"ಏಳಲೇ! ತತ್ತಿ ಮಾತಾಡಾಕತ್ತಾವ" ಅಂದೆ.

ಚನ್ನಮ್ಮ ಹೊಳ್ಳಿ ನೋಡಿದ್ಲು. ಎದ್ದು ಬಂದು ಬುಟ್ಟಿ ಮಗ್ಗಲಕ್ಕ ಕುಂತು ಕಿವಿ ಹಚ್ಚಿದ್ಲು. ನಾ ಹತ್ರ ಹೋದ್ರ ಕಚ್ಚೋ ಕೆಂಪಿ ಆಕಿಗೆ ಏನೂ ಮಾಡಲಿಲ್ಲ. ಇಡೀ ದಿನ ಅಲ್ಲೇ ಕುಂತಿದ್ಲು. ನಾ ಕೈಯಾಗ ತುತ್ತು ಇಟ್ರ ತಿಂದ್ಲು, ಕಣ್ಣು ಮಾತ್ರ ಬುಟ್ಟಿ ಮ್ಯಾಲ. ಸಂಜಿತನಾ ಒಂದೊಂದಽ ಒದ್ದೀ ಮರಿ ಕೆಂಪಿ ರೆಕ್ಕಿ ಕೆಳಗಿಂದ ಹಣಕಿ ಹಾಕಾಕ ಸುರು ಮಾಡಿದ್ವು. ಕಡೀಕ ಎರಡು ತತ್ತಿ ಮಾತ್ರ ಚೂರು ಬಿರದು ಹಂಗಽ ಉಳದ್ವು.

ಸೋಮವಾರ ಹೊತ್ತು ಮೂಡೂದಕ್ಕ ಮೂವರೂ ಬಂದ್ರು. ಅಂದಪ್ಪಣ್ಣಾರು, ಗುರುಸಿದ್ದವ್ವ, ಹೆಗಲ ಮ್ಯಾಲ ಕಬ್ಬಿಣದ ಹಾರಿ ಇಟ್ಕೊಂಡು ಹನಮಂತ. ಕದಾ ಒಡಿಯೋ ಮೊದಲು ಕಡೀ ಸಲ ಕೇಳಿ ಹೋಗೋಣಂತ ಬಂದಿದ್ರು. ಅಂದಪ್ಪಣ್ಣಾರು ಹೊಚ್ಚಲ ಆಚಿ ಕಡೆ ನಿಂತ್ರು. ಗುರುಸಿದ್ದವ್ವ ಸೆರಗು ಮೂಗಿಗೆ ಹಿಡ್ಕೊಂಡು ಪಡಸಾಲಿ ತುಂಬಾ ಕಣ್ಣಾಡಿಸಿದ್ಲು. ಬುಟ್ಟಿ ಕಡೆ ಬಟ್ಟು ಮಾಡಿದ್ಲು.

"ಇದರಾಗ ನೋಡಿದ್ರೇನು?"

"ಇದರಾಗ ಏನು ನಿನ್ನ ತಲಿ ಐತೇನು?" ಅಂದೆ ನಾ. "ಮರಿ ಒಡಿಯಾಕತ್ತಾವ. ಹತ್ರ ಬಂದಿ ಅಂದ್ರ ನೋಡು."

"ಎಲ್ಲಾ ಹುಡುಕೀರಿ, ಇದೊಂದು ಯಾಕ ಬಿಟ್ಟೀರಿ? ಏ ಚನ್ನಮ್ಮಾ, ನೀ ಹೇಳು. ಕೋಳಿ ಎಬ್ಬಿಸು."

ಚನ್ನಮ್ಮ ಬುಟ್ಟಿಗೆ ಅಡ್ಡಾಗಿ ಕುಂತ್ಲು. "ಎರಡು ತತ್ತಿ ಇನ್ನೂ ಒಡಿಯೋದು ಅದಾವ್ರಿ ಯಕ್ಕಾ. ಈಗ ಹ್ಯಾಟಿ ಎದ್ರ ತಂಪಾಗಿ ಒಳಗಽ ಸಾಯ್ತಾವ. ಮಧ್ಯಾಹ್ನದ ಮಟಾ ತಡೀರಿ. ಇಲ್ಲಾಂದ್ರ ನನ್ನ ಕೆಲಸಾ ಬೇಕಾದ್ರ ತಗೋರಿ, ಇವನ್ನ ಮುಟ್ಟಬ್ಯಾಡ್ರಿ."

ಅಯ್ಯೋ ಹುಚ್ಚಿ, ಅಂದ್ಕೊಂಡೆ. ಹಿಂಗಂದ್ರ ಯಾರು ನಂಬ್ತಾರ? ಅಂದಪ್ಪಣ್ಣಾರ ಮಕಾ ನೋಡಿದೆ. ಶನಿವಾರ ಸಂಶೇ ಇದ್ದಿದ್ದು ಈಗ ಗಟ್ಟಿ ಆಗಿತ್ತು. "ಮುಚ್ಚಿಡೋದು ಏನೂ ಇಲ್ಲಂದ್ರ ತೋರಸಾಕ ಏನವಾ?" ಅಂದ್ರು, ಮೆಲ್ಲಕ. ಬೈದಿದ್ರ ನಾ ತಿರುಗಿ ಬೈತಿದ್ದೆ. ಮೆಲ್ಲಕ ಅಂದವ್ರಿಗೆ ಹೆಂಗ ಬೈಯೋದು?

ಆಗ ಹೊರಗ ಬಸ್ಸು ನಿಂತ ಸಪ್ಪಳಾತು. ಸ್ವಲ್ಪ ಹೊತ್ತಿಗೆ ನಮ್ಮನಿಯವ್ರು ಬಂದ್ರು, ಹೆಗಲ ಮ್ಯಾಲ ಉಳ್ಳಾಗಡ್ಡಿ ಚೀಲ. ನಮ್ಮನಿ ಬಾಗಲಕ್ಕ ಕೀಲಿ ಇದ್ದದ್ದು ನೋಡಿ, ನಾ ಇಲ್ಲೇ ಇರ್ತೀನಿ ಅಂತ ಸೀದಾ ಇಲ್ಲಿಗೆ ಬಂದಿದ್ರು. ಯಾಕ ಇಷ್ಟು ಮಂದಿ ನಿಂತಾರ, ಹನಮಂತನ ಕೈಯಾಗ ಹಾರಿ ಯಾಕೈತಿ, ಊಹೂಂ, ಅವ್ರಿಗೆ ಏನೂ ಕಾಣೋದಿಲ್ಲ. ಅಂದಪ್ಪಣ್ಣಾರಿಗೆ "ಶರಣ್ರಿ" ಅಂದ್ರು, ಚೀಲಾ ಇಳಿಸಿದ್ರು, ಬುಟ್ಟಿ ಕಡೆ ಬಗ್ಗಿ ನೋಡಿ ನಕ್ಕರು.

"ಓಹೋ, ಒಡದ್ವೇನವಾ ಚನ್ನಮ್ಮಾ? ಚಲೋ ಆತು. ಹಂಗಾರ ಆ ಕಬ್ಬಿಣ ತಗದು ಮಾಡದಾಗ ಇಡವಾ ಇನ್ನ. ನಿಮ್ಮದಽ ಅದು."

ನಾ ಕೇಳಿದೆ, "ಯಾವ ಕಬ್ಬಿಣರೀ?"

"ನೀನಽ ಹೇಳಿದ್ದಿಲ್ಲೇನು, ಸಿಡಿಲಿಗೆ ಇಡ್ರಿ ಅಂತ? ಬಂದೆ, ಬಾಗಲಾ ಬರೇ ಮುಂದ ಮಾಡಿತ್ತು, ಕೀಲಿ ಹಾಕಿದ್ದಿಲ್ಲ, ಚನ್ನಮ್ಮ ಇದ್ದಿಲ್ಲ. ಕರೆಂಟ್ ಹೋತು. ಆ ಮಾಡದಾಗ ಕೈ ಆಡಿಸಿದ್ರ ಯಾವುದೋ ಹಳೇ ಅಗಳಿ ಸಿಕ್ಕಿತು. ಇಷ್ಟುದ್ದ ಇತ್ತು." ಗೇಣು ಮಾಡಿ ತೋರಿಸಿದ್ರು. "ಇದಾದ್ರ ಎಂಥಾ ಸಿಡಿಲಿಗೂ ಆತು ಅಂತ ಹೊಟ್ಟಿನ ಕೆಳಗ ತಳ್ಳಿದೆ. ಯಾಕ, ತಪ್ಪಾತೇನು?"

ಚನ್ನಮ್ಮ ಬುಟ್ಟಿಯೊಳಗ ಕೈ ಹಾಕಿದ್ಲು. ಕೆಂಪಿನ್ನ ಎಬ್ಬಿಸಲಿಲ್ಲ, ಅದರ ಹೊಟ್ಟಿ ಕೆಳಗ ಮೆತ್ತಗ ಬಟ್ಟು ಸರಿಸಿದ್ಲು. ಕೆಂಪಿ ಗುರ್ ಅಂತು, ಕಚ್ಚಲಿಲ್ಲ. ಹೊಟ್ಟು ಸರೀತು, ಒಂದು ತತ್ತಿ ಸಿಪ್ಪಿ ಹೊರಗ ಬಿತ್ತು, ಅದರ ಹಿಂದ ಆಕಿ ಕೈ ಬಂತು. ಕೈಯಾಗ ಕೀಲಿಕೈ.

ನಾ ಅಲ್ಲೇ ಕುಂತುಬಿಟ್ಟೆ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಕೂಡೇ ಬಂದ್ವು. ಹನಮಂತ ಹಾರಿ ಗ್ವಾಡಿಗೆ ಆನಿಸಿ ಹೊಟ್ಟಿ ಹಿಡ್ಕೊಂಡು ನಕ್ಕ. ಅಂದಪ್ಪಣ್ಣಾರು ಟೊಪಗಿ ತಗದು ತಲಿ ಒರಸಿಕೊಂಡ್ರು. "ಲಕ್ಕಪ್ಪಾ, ನಿನ್ನ... ಏನನ್ಲಿ ನಿನಗ! ಊರಿಗೆ ಊರಽ ಕೀಲಿಕೈ ಹುಡುಕಾಕತ್ತಿದ್ರ ಅದನ್ನ ಕಾವಿಗೆ ಕುಂಡ್ರಿಸಿದ್ಯಾ?" ಅಂದ್ರು. ಆಮ್ಯಾಲ ಚನ್ನಮ್ಮನ ಕಡೆ ಹೊಳ್ಳಿದ್ರು. ಈ ಸಲ ಮಕಾ ನೋಡಿ ಮಾತಾಡಿದ್ರು. "ತಪ್ಪು ತಿಳಕೊಂಡೆ, ಮಗಳಾ. ನಡಿ, ನೀನಽ ಬಾಗಲಾ ತಗಿ. ಇವತ್ತಷ್ಟಽ ಅಲ್ಲ, ಇನ್ನ ಮುಂದ ದಿನಾ ನೀನಽ ತಗಿ."

ಎಲ್ಲರೂ ಕೂಡೇ ಹೋದ್ವಿ. ಚನ್ನಮ್ಮ ಕೀಲಿಕೈ ತಿರುವಿದ್ಲು, ಕದಾ ಗೊರ್ ಅಂತ ತಗೀತು. ಅಕ್ಕಿ ಚೀಲ ಅಲ್ಲೇ, ಎಣ್ಣಿ ಡಬ್ಬಿ ಅಲ್ಲೇ, ಯಾವುದೂ ಅಲುಗಾಡಿದ್ದಿಲ್ಲ. ಗುರುಸಿದ್ದವ್ವ ಒಂದ್ಸಲ ನೋಡಿದ್ಲು, ಹೊಚ್ಚಲ ಮ್ಯಾಲ ಧಪ್ಪಂತ ಕುಂತ್ಲು, ಸೆರಗಿನಾಗ ಮಕಾ ಮುಚ್ಚಿ ಅತ್ಲು. "ನಾನಽ ಆಕಿ ಕೈಗೆ ಕೊಟ್ಟಿದ್ದೆನವಾ ಕೀಲಿಕೈ, ಯಾರನ್ನೂ ಕೇಳದನ. ಒಳಗ ಏನಾದ್ರೂ ಹೋಗಿದ್ರ ನನ್ನ ಕುತ್ತಿಗಿಗೆ ಬರ್ತಿತ್ತು. ಎರಡು ದಿನಾತು ನಿದ್ದಿ ಮಾಡಿಲ್ಲ" ಅಂದ್ಲು. ನನಗ ಆಗ ತಿಳೀತು, ಆಕಿ ಸಿಟ್ಟೆಲ್ಲಾ ಬರೇ ಅಂಜಿಕಿ ಆಗಿತ್ತು ಅಂತ. ಬೈದಿದ್ದು ಹೊಳ್ಳಿ ತಗೊಳಾಕ ಬರೋದಿಲ್ಲ, ಅದಕ್ಕ ಆಕಿ ಮಗ್ಗಲಕ್ಕ ಕುಂತು ಬೆನ್ನು ತಿಕ್ಕಿದೆ.

ಮಧ್ಯಾಹ್ನ ಹುಡುಗರು ಉಂಡ ಮ್ಯಾಲ ಗುರುಸಿದ್ದವ್ವ ಚನ್ನಮ್ಮನ ಕೂಡ ಮರಿ ನೋಡಾಕ ಬಂದ್ಲು. ಉಳಿದ ಎರಡೂ ಒಡದಿದ್ವು. ಒಂದು ಮರಿ ಬುಟ್ಟಿಯಿಂದ ಉಳ್ಳಿ ನೆಲಕ್ಕ ಬಿದ್ದು ಒದರಾಕತ್ತಿತ್ತು. ಜನ್ಮದಾಗ ಕೋಳಿ ಮುಟ್ಟದಾಕಿ, "ಶಿವ ಶಿವಾ" ಅಂತ ಕಣ್ಣು ಮುಚ್ಚಿ ಎರಡೂ ಬೊಗಸ್ಯಾಗ ಅದನ್ನ ಎತ್ತಿ ಕೆಂಪಿ ರೆಕ್ಕಿ ಕೆಳಗ ಇಟ್ಲು. ಆಮ್ಯಾಲ ಕೈ ತೊಳಕೊಳ್ಳಾಕ ಎಷ್ಟು ಕೊಡಾ ನೀರು ಖರ್ಚು ಮಾಡಿದ್ಲು ಅನ್ನೋದು ಬ್ಯಾರೆ ಮಾತು.

ಮನಿಗೆ ಬಂದು ನಮ್ಮನಿಯವ್ರಿಗೆ ಬಾಯಿ ಮಾಡಿದೆ. "ಕೀಲಿಕೈಗೂ ಅಗಳಿಗೂ ಫರಕ ಗೊತ್ತಾಗೋದಿಲ್ಲೇನು ನಿಮಗ?" ಅವ್ರು ಉಳ್ಳಾಗಡ್ಡಿ ಬಿಡಿಸ್ಕೋಂತ, "ಒಂದಽ ಮರಿನೂ ಸಿಡಿಲಿಗೆ ಸತ್ತಿಲ್ಲಲ್ಲ" ಅಂದ್ರು. ಇಂಥವ್ರ ಕೂಡ ಏನು ಜಗಳಾ ಮಾಡ್ತೀರಿ? ಗಂಗಾಳ ಎಳಕೊಂಡು ಕುಂತೆ, ಎರಡು ದಿನದ್ದೂ ಸೇರಿಸಿ ಉಂಡೆ.

ಆದ್ರೂ ಮರುದಿನ ಮುಂಜಾನೆ ಎಚ್ಚರಾದ ಕೂಡಲೇ ಮತ್ತ ಅದಽ ಅಂಜಿಕಿ. ಅಭ್ಯಾಸ. ಹಿತ್ತಲಕ್ಕ ಓಡಿದೆ, ಗ್ವಾಡಿ ಮ್ಯಾಲಿಂದ ಹಣಕಿ ಹಾಕಿದೆ.

ಬಾಗಲಾ ತಗದಿತ್ತು. ಅಂಗಳಾ ಕಸಾ ಹೊ‌ಡದಾಗಿತ್ತು, ನೀರು ಹೊಡದಾಗಿತ್ತು. ಕೆಂಪಿ ಮರಿ ಕಟ್ಟಿಕೊಂಡು ಕೆದರಾಕತ್ತಿತ್ತು. ಚನ್ನಮ್ಮ ಬಾಗಲ ಹತ್ರ ನಿಂತು ಗ್ವಾಡಿಗೆ ಮೊಳಿ ಹೊಡದು ಕೀಲಿಕೈ ತೂಗು ಹಾಕಾಕತ್ತಿದ್ಲು.

"ಏನು ಕಾಕಿ, ಈಗ ಎದ್ಯೇನು? ಹೊತ್ತು ನೆತ್ತಿಗೆ ಬಂತು" ಅಂದ್ಲು.

ನನಗ! ಈ ಕಳಕವ್ವಗ! ಬಾಯಿತುಂಬಾ ಬೈಗುಳ ಬಂತು, ನುಂಗಿಕೊಂಡೆ. ಕಣ್ಣು ಒರಸಿಕೊಂಡು, "ಆ ಮಾಡದಾಗ ಮತ್ತೇನು ಇಟ್ಟೀಯಲೇ?" ಅಂದೆ.

ಚನ್ನಮ್ಮ ಮಾಡದಾಗ ಕೈ ಹಾಕಿ ಹಿಡಿ ಹೋದ ಹಳೇ ಕುಡಗೋಲು ತಗದು ತೋರಿಸಿದ್ಲು. ತಿಕ್ಕಿ ತೊಳದು ಇಟ್ಟಿದ್ಲು.

"ಇದು ಕಾಕಾಗ. ಮುಂದಿನ ವರ್ಷದ ಸಿಡಿಲಿಗೆ."